ಗಾಡಿಯನ್ನು ಅರ್ಧದಲ್ಲಿ ನಿಲ್ಲಿಸದವನು

ನನ್ನ ಮೈದುನನ ಕೈ ಸುಮ್ಮನಿರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಆದದ್ದೆಲ್ಲ ಆ ಕೈಗಳಿಂದಲೇ ಆದದ್ದು.

ಅವನು ರೈಲ್ವೆಯಲ್ಲಿ ಶಂಟಿಂಗ್ ಮೇಸ್ತ್ರಿಯಾಗಿದ್ದ. ಡಬ್ಬಿಗಳನ್ನು ಈ ಹಳಿಯಿಂದ ಆ ಹಳಿಗೆ ತಳ್ಳಿಸಿ, ಒಂದಕ್ಕೊಂದು ಕೊಂಡಿ ಹಾಕಿಸಿ, ಗಾಡಿ ಕಟ್ಟಿ ಕಳಿಸುವ ಕೆಲಸ. ಎಂಜಿನ್ನಿನ ಸದ್ದಿನಲ್ಲಿ ಬಾಯಿ ಮಾತು ಯಾರಿಗೂ ಕೇಳುವುದಿಲ್ಲ. ಮೇಸ್ತ್ರಿ ನೆಲದ ಮೇಲೆ ನಿಂತು ಕೈ ಆಡಿಸಬೇಕು, ಪೀಪಿ ಊದಬೇಕು. ಮೇಲಿರುವ ಡ್ರೈವರ್ ಆ ಕೈ ನೋಡಿಕೊಂಡೇ ಎಂಜಿನ್ ನಡೆಸಬೇಕು. ಅಂಗೈ ಕೆಳಗೆ ಮಾಡಿ ಆಡಿಸಿದರೆ ನಿಧಾನ. ಎರಡೂ ಕೈ ತಲೆಯ ಮೇಲೆತ್ತಿದರೆ ನಿಲ್ಲು. ಆಯಸ್ಸಿಡೀ ಹೀಗೆ ಕೈಯಲ್ಲೇ ಮಾತಾಡಿದವನಿಗೆ ಮನೆಗೆ ಬಂದ ಮೇಲೆ ಬಾಯಿ ತೆರೆಯುವುದೆಂದರೆ ಕಷ್ಟ. ಊಟಕ್ಕೆ ಕೂತರೆ ಸಾಕು ಅನ್ನುವುದಕ್ಕೂ ಎರಡು ಕೈ ಮೇಲೆತ್ತುತ್ತಿದ್ದ. ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಸೌಟು ಹಿಡಿದುಕೊಂಡೇ, "ಬ್ರೇಕ್ ಹಾಕೋದು ತಡ ಆಯ್ತು, ತಿನ್ನಿ" ಎಂದು ಇನ್ನೊಂದು ಸೌಟು ಸುರಿಯುತ್ತಿದ್ದಳು.

ಬೀದಿಯ ಮಕ್ಕಳು ಅವನಿಗೆ ಪೀಪಿ ಮಾವ ಎಂದು ಹೆಸರಿಟ್ಟರು. ಆ ಮಕ್ಕಳಿಗೆ ಮಕ್ಕಳಾದ ಮೇಲೂ ಅವನು ಪೀಪಿ ಮಾವನೇ. ಬೀದಿಯಲ್ಲಿ ಒಂದು ಕಾರು ಹಿಂದಕ್ಕೆ ಬರುತ್ತಿದ್ದರೆ ಸಾಕು, ಕೈಯಲ್ಲಿದ್ದ ಚಹಾ ಲೋಟವನ್ನು ಯಾರದೋ ಗೋಡೆಯ ಮೇಲಿಟ್ಟು ಓಡುತ್ತಿದ್ದ. ಯಾರಾದರೂ ಮನೆ ಖಾಲಿ ಮಾಡಿದರೆ ಬೀರು ಇಳಿಸುವುದಕ್ಕೂ ಇವನದೇ ಕೈಸನ್ನೆ. ಓರಗಿತ್ತಿಗೆ ಇದರಲ್ಲಿ ಬಲು ಬೇಸರ. ನಮ್ಮ ಮನೆಯವರು ಊರಿನ ಗಾಡಿಗಳನ್ನೆಲ್ಲ ಮನೆ ಸೇರಿಸಿ ತಾವು ಮಾತ್ರ ಹೊತ್ತು ಮುಳುಗಿದ ಮೇಲೆ ಬರುತ್ತಾರೆ ಎನ್ನುತ್ತಿದ್ದಳು.

ನನ್ನ ಗಂಡ ತೀರಿಕೊಂಡ ದಿನ ಶವ ಒಯ್ಯುವ ವ್ಯಾನು ನಮ್ಮ ಇಕ್ಕಟ್ಟಿನ ಓಣಿಯೊಳಗೆ ಹೇಗೋ ಬಂತು, ತಿರುಗಿ ಹೋಗಲಾರದೆ ನಿಂತಿತು. ಒಳಗೆ ಗೋಡೆಗೆ ಒರಗಿ ಅಳುತ್ತಿದ್ದ ಮೈದುನ ಎದ್ದು ಹೊರಗೆ ಹೋದ. ಕಿಟಕಿಯಿಂದ ನೋಡಿದೆ. ಎಡಗೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ, ಬಲಗೈ ವ್ಯಾನಿಗೆ ದಾರಿ ತೋರಿಸುತ್ತಿತ್ತು. ಎಲ್ಲಿಯೂ ಗೋಡೆಗೆ ತಾಗದಂತೆ ನನ್ನ ಯಜಮಾನರು ಹೊರಟುಹೋದರು.

ಅವರು ಡ್ರೈವರ್ ಆಗಿದ್ದರು. ಅಣ್ಣ ಎಂಜಿನ್ನಿನ ಮೇಲೆ, ತಮ್ಮ ನೆಲದ ಮೇಲೆ. ಆ ಎಂಜಿನ್ನಿಗೆ ಶೆಡ್ಡಿನವರೆಲ್ಲ ಕುಳ್ಳಿ ಎನ್ನುತ್ತಿದ್ದರು. ದೂರದ ಊರಿಗೆ ಹೋಗುವ ಎಂಜಿನ್ ಅಲ್ಲ ಅದು. ಯಾರ್ಡಿನೊಳಗೇ ಡಬ್ಬಿ ಎಳೆದುಕೊಂಡು ಓಡಾಡುವ ಗಿಡ್ಡ ಎಂಜಿನ್, ಮೈಯೆಲ್ಲ ಹಸಿರು ಬಣ್ಣ, ನೆತ್ತಿಯ ಮೇಲೆ ಹಿತ್ತಾಳೆಯ ಗಂಟೆ. ನಮ್ಮ ಲೈನು ಮುಚ್ಚಿದಾಗ ದೊಡ್ಡ ಎಂಜಿನ್ನುಗಳನ್ನೆಲ್ಲ ತೆಗೆದುಕೊಂಡು ಹೋದರು. ಕುಳ್ಳಿ ಯಾರಿಗೂ ಬೇಡವಾದಳು. ಹಳೆಯ ಸರಕು ಶೆಡ್ಡಿನೊಳಗೆ ನಿಂತಲ್ಲೇ ನಿಂತಳು.

ಆ ಶೆಡ್ಡೇ ನಮ್ಮ ಮ್ಯೂಸಿಯಂ. ಹೆಸರು ದೊಡ್ಡದು, ಇದ್ದದ್ದು ನಾಲ್ಕೈದು ಮುದಿಜೀವಗಳು. ಮೈದುನ, ಒಂದು ಕಿವಿ ಕೇಳದ ಗಾರ್ಡ್ ಅಣ್ಣ, ಹಳಿ ಬದಲಿಸುವ ಲಿವರ್ ಎಳೆದೆಳೆದು ಒಂದು ಭುಜ ಇಳಿದುಹೋಗಿದ್ದ ಪಾಯಿಂಟ್ಸ್‌ಮ್ಯಾನ್, ಮತ್ತೆ ನಾನು. ಸಂಬಳವಿಲ್ಲ, ಸಾರಿಗೆ ಇಲ್ಲ, ಒಂದು ಥ್ಯಾಂಕ್ಸ್ ಕೂಡ ಇಲ್ಲ. ಅವರವರ ಮನೆಯಲ್ಲಿ ಮೂಲೆ ಸೇರಿದ್ದ ದೀಪ, ಬಾವುಟ, ಟೋಪಿ, ಟಿಕೆಟ್ಟಿಗೆ ತಾರೀಖು ಒತ್ತುವ ಕಬ್ಬಿಣದ ಯಂತ್ರ ಎಲ್ಲವನ್ನೂ ತಂದು ಜೋಡಿಸಿದ್ದೆವು. ಬೂದಿ ಹಾಕಿ ಹಿತ್ತಾಳೆ ಉಜ್ಜುವುದು ನನ್ನ ಪಾಲಿನದು. ಮಕ್ಕಳು ಬಂದರೆ ಆ ಯಂತ್ರದಲ್ಲಿ ಒಂದೊಂದು ಚೀಟಿಗೆ ತಾರೀಖು ಒತ್ತಿಕೊಡುತ್ತಿದ್ದೆ. ಯಂತ್ರದ ಚಕ್ರ ಯಾವತ್ತೋ ಸಿಕ್ಕಿಕೊಂಡು ಎಲ್ಲರಿಗೂ ಒಂದೇ ತಾರೀಖು ಬೀಳುತ್ತಿತ್ತು, ಅದೂ ಅವರು ಹುಟ್ಟುವುದಕ್ಕೆ ಎಷ್ಟೋ ಮೊದಲಿನದು. ಮಕ್ಕಳಿಗೆ ಅದೇ ಖುಷಿ.

ಲೈನು ಮುಚ್ಚಿದ ಮೇಲೆ ಜಾಗ ನಗರಸಭೆಯ ಪಾಲಿಗೆ ಹೋಗಿತ್ತು. ಹಿಂದಿದ್ದ ಅಧ್ಯಕ್ಷರು, ಇರಲಿ ಬಿಡಿ, ನೋಡಿಕೊಂಡಿರಿ, ಎಂದು ಬಾಯಲ್ಲಿ ಹೇಳಿದ್ದರು. ಬಾಯಲ್ಲಿ ಹೇಳಿದ್ದು ಅವರ ಜೊತೆಗೇ ಹೋಯಿತು. ಹೊಸದಾಗಿ ಬಂದವರಿಗೆ ಅಲ್ಲಿ ಕಾರು ನಿಲ್ಲಿಸುವ ಜಾಗ ಬೇಕಾಗಿತ್ತು. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಮಾರುಕಟ್ಟೆಯ ಬೀದಿಯಲ್ಲಿ ಕಾಲಿಡುವುದಕ್ಕೆ ಜಾಗವಿಲ್ಲ. ಶೆಡ್ ಖಾಲಿ ಮಾಡಿ ಎಂದು ನೋಟಿಸ್ ಬಂತು. ನಾವು ಅರ್ಜಿ ಕೊಟ್ಟೆವು. ಮತ್ತೊಂದು ನೋಟಿಸ್ ಬಂತು. ನಗರಸಭೆಯ ಬೆಂಚಿನ ಮೇಲೆ ಕೂತು ಕೂತು ಗಾರ್ಡ್ ಅಣ್ಣ ಅಲ್ಲಿನ ಜವಾನನಿಗೆ ಹೆಣ್ಣು ಕೂಡ ಹುಡುಕಿಕೊಟ್ಟರು. ನಮ್ಮ ಕೆಲಸ ಮಾತ್ರ ಆಗಲಿಲ್ಲ.

ಪಾಯಿಂಟ್ಸ್‌ಮ್ಯಾನ್‌ನ ಸೊಸೆ ವಕೀಲಿಕೆ ಮಾಡುತ್ತಿದ್ದಳು. ಅವಳೇ ಕೋರ್ಟಿಗೆ ಹಾಕಿದಳು. ಸೋಮವಾರ ವಿಚಾರಣೆ. ಅದರ ಹಿಂದಿನ ಶುಕ್ರವಾರವೇ ಎಂಜಿನ್ ಎಳೆಸುತ್ತಾರೆ ಎಂದು ನಗರಸಭೆಯಿಂದ ಸುದ್ದಿ ಬಂತು. ಜವಾನನೇ ಹೇಳಿ ಕಳಿಸಿದ್ದ, ಹೆಣ್ಣು ಕೊಡಿಸಿದ ಋಣಕ್ಕೆ.

ವಕೀಲೆ ನಮ್ಮನ್ನೆಲ್ಲ ಕೂರಿಸಿಕೊಂಡು ಬಿಡಿಸಿ ಹೇಳಿದಳು. ದೀಪ, ಟೋಪಿಯನ್ನೆಲ್ಲ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ಆದರೆ ಸೋಮವಾರದ ತನಕ ಎಂಜಿನ್ ಶೆಡ್ಡಿನಲ್ಲಿದ್ದರೆ ಅಲ್ಲೊಂದು ಮ್ಯೂಸಿಯಂ ಇದೆ ಎಂದು ಅವಳು ತೋರಿಸಬಹುದು. ಎಂಜಿನ್ ಹೊರಗೆ ಹೋದರೆ ಉಳಿಯುವುದು ಖಾಲಿ ಶೆಡ್, ಅದಕ್ಕೆ ಯಾವ ಕೋರ್ಟೂ ತಡೆ ಕೊಡುವುದಿಲ್ಲ. ಜಗಳ ಮಾಡಬೇಡಿ, ಅಡ್ಡ ಮಲಗಬೇಡಿ, ಪೊಲೀಸರನ್ನು ಕರೆಯುವ ಹಾಗೆ ಮಾಡಬೇಡಿ, ಅಂದಳು.

ಮೈದುನ ಆಗ ಬಾಯಿ ತೆರೆದ.

"ಅಡ್ಡ ಮಲಗೋದು ಯಾಕಮ್ಮಾ? ಕುಳ್ಳಿನ ಸರಿಸೋಕೆ ಗೊತ್ತಿರೋರು ಈ ಊರಲ್ಲಿ ನಾವೇ. ಕೈ ಕಟ್ಟಿಕೊಂಡು ಕೂತ್ರೆ ಸಾಕು. ಒಂದು ಮಾತು ಹೇಳಿಕೊಡಬಾರ್ದು, ಒಂದು ಬೆರಳು ಎತ್ತಬಾರ್ದು. ಸಂಜೆ ತನಕ ಒದ್ದಾಡಿ ಅವರೇ ಹೋಗ್ತಾರೆ."

ಎಲ್ಲರಿಗೂ ಅದು ಸರಿ ಅನಿಸಿತು. ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಓರಗಿತ್ತಿ ಮಾತ್ರ ನಗುವುದಕ್ಕೆ ಶುರು ಮಾಡಿದಳು.

"ಕೈ ಕಟ್ಟಿ ಕೂರೋದಾ? ನೀವಾ? ಟವೆಲ್ ತಂದುಕೊಡ್ತೀನಿ, ಕುರ್ಚಿಗೆ ಸೇರಿಸಿ ಕಟ್ಟಲಿ."

ಶುಕ್ರವಾರ ಬೆಳಿಗ್ಗೆ ಶೆಡ್ಡಿನೊಳಗಿನ ಕಟ್ಟೆಯ ಮೇಲೆ ಸಾಲಾಗಿ ಕುರ್ಚಿ ಹಾಕಿಕೊಂಡು ಕೂತೆವು. ಕೂತ ಕೂಡಲೇ ಮೈದುನ ಕೊರಳಿನ ಪೀಪಿ ತೆಗೆದು ನನ್ನ ಕೈಗಿಟ್ಟ. "ಅತ್ತಿಗೆ, ಇದು ನಿಮ್ಮ ಹತ್ರ ಇರ್ಲಿ" ಎಂದಷ್ಟೇ ಹೇಳಿದ. ಅವನಿಗೆ ಅವನ ಮೇಲೇ ನಂಬಿಕೆ ಇರಲಿಲ್ಲ. ನಾನು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ನಗರಸಭೆಯ ಎಂಜಿನಿಯರ್ ಬಂದರು. ಇನ್ನೂ ಸಣ್ಣ ವಯಸ್ಸು, ಕೆಟ್ಟ ಮನುಷ್ಯನಲ್ಲ. ನಮಗೆ ನಮಸ್ಕಾರ ಹೇಳಿ, ಅಜ್ಜಿ ನೀವು ಹೊರಗೆ ನೆರಳಲ್ಲಿ ಕೂರಬಹುದಿತ್ತು ಅಂದರು. ಜೊತೆಗೆ ಕಂಟ್ರಾಕ್ಟರನ ಆಳುಗಳು, ಒಂದು ಟ್ರ್ಯಾಕ್ಟರ್, ದಪ್ಪ ಸರಪಳಿ. ಶೆಡ್ಡಿನ ಹಳಿ ಬಾಗಿಲು ದಾಟಿ, ಪಕ್ಕದ ಹಳಿಯನ್ನು ಕೂಡಿಕೊಂಡು, ರಸ್ತೆಯ ಬದಿಯಲ್ಲಿ ಗಾಡಿ ತಡೆಯಲು ಹಾಕಿದ ಒಂದು ದಿಮ್ಮಿಗೆ ಮುಗಿಯುತ್ತದೆ. ಅಲ್ಲಿಯತನಕ ಎಳೆದು ನಿಲ್ಲಿಸಿ, ಆಮೇಲೆ ದೊಡ್ಡ ಲಾರಿಯ ಮೇಲೆ ಹೇರಿ ನಗರಸಭೆಯ ಗೋದಾಮಿಗೆ ಒಯ್ಯುವುದು ಅವರ ಲೆಕ್ಕ.

ಮೊದಲ ಸಲ ಸರಪಳಿಯನ್ನು ಹತ್ತುವ ಮೆಟ್ಟಿಲಿಗೆ ಕಟ್ಟಿದರು. ಮೆಟ್ಟಿಲು ಬಾಗಿತು, ಕುಳ್ಳಿ ಅಲ್ಲಾಡಲಿಲ್ಲ. ಮೈದುನ ಕಣ್ಣು ಮುಚ್ಚಿಕೊಂಡ. ಎರಡನೇ ಸಲ ಮುಂದಿನ ಕೊಕ್ಕೆಗೆ ಕಟ್ಟಿ ಎಳೆದರು. ಟ್ರ್ಯಾಕ್ಟರಿನ ಚಕ್ರ ನಿಂತಲ್ಲೇ ತಿರುಗಿ ಹೊಗೆ ಬಂತು. ಗಾರ್ಡ್ ಅಣ್ಣ ನನ್ನ ಕಡೆ ಬಗ್ಗಿ, ಕೈ ಬ್ರೇಕ್ ಬಿಟ್ಟಿಲ್ಲ, ಚಕ್ರಕ್ಕೆ ಕೊಟ್ಟ ಮರದ ತುಂಡೂ ತೆಗೆದಿಲ್ಲ, ಸಂಜೆ ತನಕ ಎಳೆದರೂ ಇಷ್ಟೇ, ಎಂದು ಪಿಸುಗುಟ್ಟಿದರು. ಅವರಿಗೆ ಕಿವಿ ಮಂದ, ಆದ್ದರಿಂದ ಅವರ ಪಿಸುಮಾತು ಶೆಡ್ಡಿಗೆಲ್ಲ ಕೇಳುತ್ತದೆ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮೇಲೆ ಹತ್ತಿ ಬ್ರೇಕಿನ ಚಕ್ರ ತಿರುಗಿಸಿದ. ಇನ್ನೊಬ್ಬ ಸುತ್ತಿಗೆ ತಂದು ಮರದ ತುಂಡುಗಳನ್ನು ಹೊಡೆದು ಹಾರಿಸಿದ. ಪಾಯಿಂಟ್ಸ್‌ಮ್ಯಾನ್ ಗಾರ್ಡ್ ಅಣ್ಣನನ್ನು ನೋಡಿದ ನೋಟ ಇನ್ನೂ ನನ್ನ ಕಣ್ಣಲ್ಲಿದೆ.

ಅವರಲ್ಲಿ ಯಾರಿಗೂ ಗೊತ್ತಿರದ ಸಂಗತಿ ಒಂದಿತ್ತು. ಶೆಡ್ಡಿನ ಹಳಿ ಬಾಗಿಲ ಕಡೆಗೆ ಇಳಿಜಾರು. ಕಣ್ಣಿಗೆ ಕಾಣುವಷ್ಟಲ್ಲ, ಆದರೆ ಕಬ್ಬಿಣಕ್ಕೆ ಗೊತ್ತಾಗುವಷ್ಟು. ಟ್ರ್ಯಾಕ್ಟರ್ ಎಳೆಯುವ ಮೊದಲೇ ಕುಳ್ಳಿ ತಾನಾಗಿ ಹೊರಟಳು. ಸದ್ದಿಲ್ಲ, ಹೊಗೆಯಿಲ್ಲ. ಸುಮ್ಮನೆ ಹೊರಟಳು. ಮುಂದೆ ಸರಪಳಿ ಬಿಗಿ ಮಾಡುತ್ತ ಒಬ್ಬ ಆಳು ಟ್ರ್ಯಾಕ್ಟರಿಗೂ ಎಂಜಿನ್ನಿಗೂ ನಡುವೆ ಬಗ್ಗಿ ನಿಂತಿದ್ದ. ಅವನಿಗೆ ಬೆನ್ನ ಹಿಂದೆ ಏನೂ ಕಾಣುತ್ತಿರಲಿಲ್ಲ.

ಮೈದುನ ನನ್ನ ಕಡೆ ಕೈ ಚಾಚಿದ. ನನ್ನ ಮುಖ ನೋಡಲಿಲ್ಲ, ಕಣ್ಣು ಹಳಿಯ ಮೇಲೇ ಇತ್ತು. ಸೆರಗಿನ ಗಂಟು ಯಾವಾಗ ಬಿಚ್ಚಿದೆನೋ ನನಗೆ ಗೊತ್ತಿಲ್ಲ. ಪೀಪಿ ಅವನ ಬಾಯಲ್ಲಿತ್ತು.

ಮೂರು ಸಲ ಚಿಕ್ಕದಾಗಿ ಊದಿದ. ಬ್ರೇಕ್ ಹಾಕು ಎಂದು ಅರ್ಥ. ಆ ಸದ್ದಿಗೆ ನಮ್ಮ ಮುದುಕರು ಕುರ್ಚಿಯಿಂದ ಎದ್ದದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಮೊಣಕಾಲು ನೋವೆಂದು ಮನೆಯಲ್ಲಿ ಮಂಚ ಇಳಿಯದ ಗಾರ್ಡ್ ಅಣ್ಣ ಉರುಳುತ್ತಿದ್ದ ಎಂಜಿನ್ನಿನ ಬಾಗಿದ ಮೆಟ್ಟಿಲಿಗೆ ಕಾಲಿಟ್ಟು ಹತ್ತಿ ಬ್ರೇಕಿನ ಚಕ್ರಕ್ಕೆ ಜೋತುಬಿದ್ದರು. ಪಾಯಿಂಟ್ಸ್‌ಮ್ಯಾನ್ ಮರದ ತುಂಡು ಎತ್ತಿಕೊಂಡು ಓಡಿ ಹಿಂದಿನ ಚಕ್ರದ ಮುಂದೆ ಒಗೆದ. ಮೈದುನ ಆ ಆಳಿನ ಅಂಗಿಯ ಕಾಲರು ಹಿಡಿದು ಪಕ್ಕಕ್ಕೆಳೆದ. ಇಬ್ಬರೂ ಜಲ್ಲಿಯ ಮೇಲೆ ಬಿದ್ದರು. ಕುಳ್ಳಿ ಟ್ರ್ಯಾಕ್ಟರಿನ ಬೆನ್ನಿಗೆ ಮೂತಿ ತಾಗಿಸಿ, ನಿಟ್ಟುಸಿರಿನ ಹಾಗೆ ಒಂದು ಸದ್ದು ಮಾಡಿ ನಿಂತಳು.

ಅರ್ಧ ಒಳಗೆ, ಅರ್ಧ ಹೊರಗೆ.

ಆಳು ಎದ್ದು ಕೂತು ತನ್ನ ಕಾಲನ್ನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಎಂಜಿನಿಯರ್ ಮುಖ ಬೆಳ್ಳಗಾಗಿತ್ತು. ಇವತ್ತಿಗೆ ಸಾಕು, ಹೀಗೇ ಇರಲಿ, ಸೋಮವಾರ ಕಳೆದ ಮೇಲೆ ಕ್ರೇನ್ ತರಿಸೋಣ ಎಂದು ಅವರೇ ಅಂದರು. ಅವರ ಬಾಯಿಂದಲೇ ಬಂದ ಮಾತು. ಗೆದ್ದೆವು ಅನಿಸಿತು.

ಆದರೆ ಕುಳ್ಳಿ ನಿಂತದ್ದು ಪಾಯಿಂಟಿನ ಮೇಲೆ. ಎರಡು ಹಳಿ ಸೇರುವ ಜಾಗಕ್ಕೆ ರೈಲಿನವರು ಪಾಯಿಂಟ್ ಎನ್ನುತ್ತಾರೆ. ಅದರ ಮೇಲೆ ಗಾಡಿ ಬಿಟ್ಟು ಹೋಗುವುದು ಶಂಟಿಂಗ್‌ನವರಲ್ಲಿ ಮಹಾ ಪಾಪ. ಅಲ್ಲಿ ಗಾಡಿ ನಿಂತರೆ ಈ ಹಳಿಯೂ ಕಟ್ಟು, ಆ ಹಳಿಯೂ ಕಟ್ಟು. ಮೈದುನ ಬಟ್ಟೆಯ ಧೂಳು ಕೊಡವಿಕೊಂಡು ಎಂಜಿನ್ನನ್ನು ಒಂದು ಸುತ್ತು ಹಾಕಿದ. ಬಗ್ಗಿ ಚಕ್ರ ನೋಡಿದ. ಮೇಲೆದ್ದಾಗ ಅವನ ಮುಖವೇ ಬೇರೆಯಾಗಿತ್ತು. ಆ ಮುಖ ನಾನು ಬಲ್ಲೆ. ನನ್ನ ಗಂಡನಿಗೆ ಊಟದ ಡಬ್ಬಿ ಕೊಡಲು ಯಾರ್ಡಿಗೆ ಹೋಗುತ್ತಿದ್ದಾಗ ಅತ್ತಿಗೆಯನ್ನು ಕೂಡ ಗುರುತಿಸದ ಮುಖ ಅದು.

ಒಬ್ಬನಿಗೆ ಸರಪಳಿ ಬಿಚ್ಚಿ ಸರಿಯಾದ ಕೊಂಡಿಗೆ ಹಾಕು ಎಂದು ಕೈಸನ್ನೆ ಮಾಡಿದ. ಟ್ರ್ಯಾಕ್ಟರನ್ನು ಹಳಿಯ ಪಕ್ಕಕ್ಕೆ ತರಿಸಿ, ಅದರವನನ್ನು ತನ್ನ ಕೈ ಕಾಣುವ ಹಾಗೆ ತಿರುಗಿಸಿ ಕೂರಿಸಿದ. ಪಾಯಿಂಟ್ಸ್‌ಮ್ಯಾನ್ ಏನೂ ಕೇಳದೆ ಹೋಗಿ ಲಿವರ್ ಹಿಡಿದು ನಿಂತ. ಗಾರ್ಡ್ ಅಣ್ಣ ಮೇಲಿಂದ ತಲೆ ಹೊರಗೆ ಹಾಕಿ ಅವನ ಕೈಗಾಗಿ ಕಾದರು. ನಾನು ಕೂಗಬೇಕೆಂದುಕೊಂಡೆ. ಕೂಗಲು ಬಾಯಿ ಬರಲಿಲ್ಲ, ಯಾಕೆಂದರೆ ನೋಡುವುದಕ್ಕೆ ಅಷ್ಟು ಚಂದವಿತ್ತು. ಅಂಗೈ ಕೆಳಗೆ ಮಾಡಿ ಆಡಿಸಿದ. ಕುಳ್ಳಿ ಮೆಲ್ಲಗೆ ಸರಿದಳು. ಬಾಗಿಲು ದಾಟಿದಳು. ಪಾಯಿಂಟ್ ದಾಟಿ ಬಿಸಿಲಿಗೆ ಬಂದಳು. ಹಸಿರು ಬಣ್ಣ ಇಷ್ಟು ಮಾಸಿದೆಯೆಂದು ನನಗೆ ಆಗಲೇ ಗೊತ್ತಾದದ್ದು. ರಸ್ತೆ ಬದಿಯ ದಿಮ್ಮಿಗೆ ಮುತ್ತಿಟ್ಟ ಹಾಗೆ ತಾಗಿ ನಿಂತಾಗ ಮೈದುನ ಎರಡೂ ಕೈ ತಲೆಯ ಮೇಲೆತ್ತಿದ. ಬ್ರೇಕ್ ಹಾಕಿಸಿದ, ಚಕ್ರಕ್ಕೆ ಮರದ ತುಂಡು ಕೊಡಿಸಿದ, ತಾನೇ ಕಾಲಿನಿಂದ ಒದ್ದು ಗಟ್ಟಿ ಮಾಡಿದ.

ನಗರಸಭೆಯ ಆಳುಗಳು ಚಪ್ಪಾಳೆ ಹೊಡೆದರು. ಎಂಜಿನಿಯರ್ ಬಂದು ಮೈದುನನ ಎರಡೂ ಕೈ ಹಿಡಿದುಕೊಂಡು, ನೀವಿಲ್ಲದಿದ್ದರೆ ಆಗುತ್ತಿರಲಿಲ್ಲ ಅಂದರು. ನಿಜವನ್ನೇ ಹೇಳಿದರು.

ಕಾಲ ಕೆಳಗಿನ ನೆಲ ಹೋದದ್ದು ಆಗ ತಿಳಿಯಿತು ಅವನಿಗೆ. ತಿರುಗಿ ಶೆಡ್ ನೋಡಿದ. ಒಳಗೆ ಎರಡು ಹಳಿ, ನಡುವೆ ಎಣ್ಣೆ ಕಲೆ, ಕಟ್ಟೆಯ ಮೇಲೆ ನಮ್ಮ ಕುರ್ಚಿಗಳು. ವಕೀಲೆ ಕಚೇರಿಯಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅರ್ಧ ಒಳಗಿದ್ದಿದ್ರೂ ಸಾಕಿತ್ತು, ಮಾವ," ಅಂದಳು.

ಮನೆಗೆ ನಡೆದು ಬರುವಾಗ ನನ್ನಿಂದ ತಡೆಯಲಾಗಲಿಲ್ಲ. "ಅವರೇ ಸಾಕು ಅಂದ್ರಲ್ಲಪ್ಪಾ. ಅಲ್ಲೇ ಬಿಟ್ಟು ಬರೋಕೆ ಏನಾಗಿತ್ತು ನಿಂಗೆ?"

"ಪಾಯಿಂಟಿನ ಮೇಲೆ ಹೇಗೆ ಬಿಡೋದು ಅತ್ತಿಗೆ? ಹಿಂದೆ ಬರೋ ಗಾಡಿಗೆ ದಾರಿ ಬೇಡ್ವಾ?"

ಎಲ್ಲಿಂದ ಬರುತ್ತಿತ್ತು ಗಾಡಿ? ಆ ಲೈನಿನಲ್ಲಿ ಹುಲ್ಲು ಬೆಳೆದು, ಹುಲ್ಲಿನಲ್ಲಿ ಮೇಕೆ ಮೇಯುತ್ತಿತ್ತು. ಅದನ್ನು ಅವನೂ ಬಲ್ಲ. ಸ್ವಲ್ಪ ದೂರ ಹೋದ ಮೇಲೆ ಅವನೇ ನಿಂತು, ಅಣ್ಣ ಇದ್ದಿದ್ದರೂ ಬಿಡುತ್ತಿರಲಿಲ್ಲ ಅಂದ. ಅದೂ ನಿಜ.

ಸೋಮವಾರ ಕೋರ್ಟಿನಲ್ಲಿ ನಮ್ಮ ಸರದಿ ಬೇಗ ಬಂತು, ಬೇಗ ಮುಗಿಯಿತು. ಮ್ಯೂಸಿಯಂನವರೇ ಸ್ವಇಚ್ಛೆಯಿಂದ ಎಂಜಿನ್ ಹೊರಗೆ ತಂದುಕೊಟ್ಟಿದ್ದಾರೆ ಎಂದು ನಗರಸಭೆಯ ವಕೀಲರು ಹೇಳಿದರು. ಬಲವಂತದಿಂದ ಎಂದು ನಮ್ಮ ಹುಡುಗಿ ವಾದ ಮಾಡಿದಳು. ಎಂಜಿನ್ ನಡೆಸಿದವರು ಯಾರು ಎಂದು ನ್ಯಾಯಾಧೀಶರು ಕೇಳಿದರು. ಸುಮ್ಮನಿದ್ದಿದ್ದರೆ ಟ್ರ್ಯಾಕ್ಟರಿನವನ ಹೆಸರು ಬರುತ್ತಿತ್ತೇನೋ. ಹಿಂದಿನ ಬೆಂಚಿನಿಂದ ಮೈದುನ ಎದ್ದು ನಿಂತ.

"ನಾನೇ ಸ್ವಾಮಿ. ಸರಿಯಾಗಿ ನಿಂತಿದೆ. ಬೇಕಾದ್ರೆ ಬಂದು ನೋಡಿ."

ಮಾಡಿದ ಶಂಟಿಂಗನ್ನು ತನ್ನದಲ್ಲ ಅನ್ನಲು ಅವನಿಗೆ ಬರುವುದಿಲ್ಲ. ವಕೀಲೆ ಕಾಗದಗಳನ್ನು ಜೋಡಿಸಿಕೊಂಡಳು. ಓರಗಿತ್ತಿ ನನ್ನ ಪಕ್ಕದಲ್ಲಿ ಕೂತಿದ್ದಳು. ಅವಳ ಬಾಯಿಂದ ಏನಾದರೂ ಚುಚ್ಚುಮಾತು ಬರುತ್ತದೆಂದು ಕಾದೆ. ಅವಳು ಎದ್ದು ಹೋಗಿ ಗಂಡನ ಪಕ್ಕ ಕೂತಳು, ಅಷ್ಟೇ.

ಅದೇ ವಾರ ದೊಡ್ಡ ಲಾರಿ ಬಂತು. ಕುಳ್ಳಿಯನ್ನು ಹೇರುವುದನ್ನು ನೋಡಲು ನಾವು ಯಾರೂ ಹೋಗಲಿಲ್ಲ. ನಾನು ಓರಗಿತ್ತಿಯ ಮನೆಯಲ್ಲಿ ಅವಳ ಜೊತೆ ಬೇಳೆ ಆರಿಸುತ್ತ ಕೂತಿದ್ದೆ. ಮೈದುನ ಕಿಟಕಿಗೆ ಬೆನ್ನು ಮಾಡಿ ಕುರ್ಚಿಯಲ್ಲಿದ್ದ. ಗೋದಾಮಿಗೆ ಹೋಗುವ ದಾರಿ ನಮ್ಮ ಬೀದಿಯ ತಿರುವಿನಲ್ಲೇ. ಲಾರಿ ಅಲ್ಲಿ ಸಿಕ್ಕಿಕೊಂಡಿತು. ಒಂದು ಕಡೆ ದರ್ಜಿಯ ಅಂಗಡಿ, ಇನ್ನೊಂದು ಕಡೆ ದೀಪದ ಕಂಬ. ಹಾರ್ನ್ ಮೇಲೆ ಹಾರ್ನ್. ಬೀದಿಯವರೆಲ್ಲ ಹೊರಗೆ ಬಂದು, ಬಲಕ್ಕೆ, ಎಡಕ್ಕೆ, ಬರಲಿ, ಬೇಡ, ಎಂದು ಬಾಯಿಗೆ ಬಂದದ್ದು ಕೂಗುತ್ತಿದ್ದರು. ಯಾರೋ ಪೀಪಿ ಮಾವ ಎಂದೂ ಕೂಗಿದರು.

ಓರಗಿತ್ತಿ ಮೊರ ಕೆಳಗಿಟ್ಟಳು. ಇಷ್ಟು ವರ್ಷ ಬೇಡ ಬೇಡ ಎಂದವಳು ಮೆಲ್ಲಗೆ, "ಹೋಗಿ ಬನ್ನಿ. ನೀವು ಹೋದ್ರೆ ಆಗತ್ತೆ," ಅಂದಳು.

ಅವನು ಏಳಲಿಲ್ಲ. ಕುರ್ಚಿಯ ಕೈಯ ಮೇಲಿದ್ದ ಅವನ ಬಲಗೈ ಮಾತ್ರ ಸದ್ದನ್ನು ಕೇಳಿಕೊಂಡು ಆಡುತ್ತಿತ್ತು. ಅಂಗೈ ಕೆಳಗೆ, ನಿಧಾನ. ಸ್ವಲ್ಪ ಹಿಂದೆ. ಮತ್ತೆ ನಿಧಾನ. ಹೊರಗಿನವರಿಗೆ ಯಾರಿಗೂ ಆ ಕೈ ಕಾಣುತ್ತಿರಲಿಲ್ಲ. ಕರಕರ ಎಂದು ಒಂದು ಸದ್ದಾಯಿತು, ಆಮೇಲೆ ಲಾರಿ ಹೊರಟ ಸದ್ದು.

"ಹೋಯ್ತಾ ಅತ್ತಿಗೆ?"

ನಾನು ಎದ್ದು ಕಿಟಕಿಯಿಂದ ನೋಡಿದೆ. "ಹೋಯ್ತು."

"ಎಲ್ಲೂ ಉಜ್ಜಿಲ್ಲ ತಾನೇ?"

"ಇಲ್ಲಪ್ಪಾ," ಅಂದೆ.

ಈಗ ಶೆಡ್ಡಿನ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ. ದೀಪಗಳು, ತಾರೀಖಿನ ಯಂತ್ರ ನನ್ನ ಮಂಚದ ಕೆಳಗಿವೆ. ಗೋದಾಮಿನ ಕಾವಲುಗಾರ ಒಳ್ಳೆಯವನು, ಹಿತ್ತಾಳೆ ಉಜ್ಜಲು ನನ್ನನ್ನು ಒಳಗೆ ಬಿಡುತ್ತಾನೆ. ಆದರೆ ಮುರಿದ ಕಸದ ಗಾಡಿಗಳ ನಡುವೆ, ಬಯಲಿನಲ್ಲಿ ನಿಂತ ಎಂಜಿನ್ನನ್ನು ಎಷ್ಟು ಉಜ್ಜಿದರೂ ಅಷ್ಟೆ. ನಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬರುವಷ್ಟರಲ್ಲಿ ಮೊದಲಿನ ಕಡೆ ಕಪ್ಪಾಗಿರುತ್ತದೆ. ಕೈಯೂ ಸೋಲುತ್ತದೆ. ಮೈದುನ ಒಂದು ಸಲವೂ ಬಂದಿಲ್ಲ. ಮರದ ತುಂಡು ಸರಿಯಾಗಿ ಕೊಟ್ಟಿದ್ದಾರಾ ಎಂದು ಕೇಳುತ್ತಾನೆ. ಕೊಟ್ಟಿದ್ದಾರೆ ಎನ್ನುತ್ತೇನೆ.

ತಿರುವಿನ ದೀಪದ ಕಂಬಕ್ಕೆ, ನಾನು ಕೈಯೆತ್ತಿದರೆ ಎಟುಕುವಷ್ಟು ಎತ್ತರದಲ್ಲಿ, ಹಸಿರು ಬಣ್ಣ ಗೀರಿಕೊಂಡಿದೆ. ಮಳೆಗೂ ಹೋಗಿಲ್ಲ. ಮೈದುನ ಅಂಗಡಿಗೆ ಹೋಗುವಾಗ ಬೀದಿಯ ಆಚೆ ಬದಿಯಲ್ಲಿ, ದರ್ಜಿಯ ಅಂಗಡಿಗೆ ತಾಗಿಕೊಂಡೇ ನಡೆಯುತ್ತಾನೆ. ಕಂಬದ ಕಡೆ ತಿರುಗಿ ನೋಡುವುದಿಲ್ಲ.